ಪಾತಾಳದಲ್ಲಿ ಸಿಕ್ಕ ನಮ್ಮವರು

ನೋಡಬಹುದೋ ಬಿಡಬಹುದೋ ಎಂಬ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ‘ಗಾಡ್ಜಿಲ್ಲಾ ಎಕ್ಸ್ ಕಾಂಗ್: ದಿ ನ್ಯೂ ಎಂಪೈರ್’ ನೋಡಬಹುದು. ಆದರೆ ಎರಡು ದೈತ್ಯಪ್ರಾಣಿಗಳು ಜೋಡಿಯಾಗಿ ಓಡಿ ಬರುವ ಆ ಟ್ರೇಲರಿಗೆ ಮರುಳಾಗಿ ನೋಡಬೇಡಿ. ಆ ಓಟ ಕೊನೆಯ ಹೊತ್ತಿಗೆ ಬರುತ್ತದೆ, ಬಂದು ಹೋಗುತ್ತದೆ. ನೋಡಬೇಕಾದದ್ದು ಅದಕ್ಕೆ ಮುಂಚಿನದು. ಒಂದು ಒಂಟಿ ಮಂಗ ತನ್ನವರು ಎಲ್ಲಾದರೂ ಇದ್ದಾರೆಯೇ ಎಂದು ಹುಡುಕುತ್ತ ಹೋಗುವ ಕತೆ ಅದು. ಮುಂಬಯಿಯಲ್ಲಿ ಇಪ್ಪತ್ತೆಂಟು ವರ್ಷ ಕಳೆದ ನನ್ನಂಥವನಿಗೆ ಅದು ಯಾಕೆ ಹಿಡಿಸಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಕೂತ ನಿಮಗೂ ಹಿಡಿಸೀತೇ ಎಂಬುದನ್ನು ಸ್ವಲ್ಪ ನೋಡೋಣ.

2024ರ ಮಾರ್ಚ್ ಕೊನೆಗೆ ತೆರೆಗೆ ಬಂದ ಈ ಚಿತ್ರದ ನಿರ್ದೇಶಕ ಆಡಂ ವಿಂಗಾರ್ಡ್. 2021ರಲ್ಲಿ ಬಂದ ‘ಗಾಡ್ಜಿಲ್ಲಾ ವರ್ಸಸ್ ಕಾಂಗ್’ ಕೂಡ ಅವನದೇ, ಇದು ಅದರ ಮುಂದಿನ ಭಾಗ. 2014ರಲ್ಲಿ ಶುರುವಾದ ಸರಮಾಲೆಯಲ್ಲಿ ಇದು ಐದನೆಯ ಚಿತ್ರ. ಐದನೆಯದು ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಅವರಿಗೆ ಒಂದು ಮಾತು. ಹಿಂಡಿದ ಕಬ್ಬನ್ನೇ ಮತ್ತೆ ಗಾಣಕ್ಕೆ ಕೊಡುವ ಚಟ ಈ ದೈತ್ಯರ ಸಿನಿಮಾಗಳಿಗೆ ಹುಟ್ಟಿನಿಂದಲೇ ಅಂಟಿದ್ದು. ‘ಕಿಂಗ್ ಕಾಂಗ್’ ಬಂದದ್ದು 1933ರ ಮಾರ್ಚಿನಲ್ಲಿ. ಅದೇ ವರ್ಷ ಡಿಸೆಂಬರಿಗೆ ‘ಸನ್ ಆಫ್ ಕಾಂಗ್’ ಹಾಜರು! ಜಪಾನಿನಲ್ಲಿ ಇಶಿರೋ ಹೋಂಡಾ ‘ಗಾಡ್ಜಿಲ್ಲಾ’ ತೆಗೆದದ್ದು 1954ರಲ್ಲಿ, ನವೆಂಬರಿನಲ್ಲಿ ಬಿಡುಗಡೆ. ಆರು ತಿಂಗಳು ತುಂಬುವುದರೊಳಗೆ, 1955ರ ಏಪ್ರಿಲಿನಲ್ಲಿ, ಬೇರೊಬ್ಬ ನಿರ್ದೇಶಕ ಎರಡನೆಯದನ್ನು ಮುಗಿಸಿಕೊಟ್ಟಿದ್ದ. ಊರು ಹಾಳುಮಾಡಲು ಬಂದ ಪ್ರಾಣಿ ಹೀಗೆ ಬರಬರುತ್ತ ಊರು ಕಾಯುವ ಹೀರೋ ಆಯಿತು. ಜನರಿಗೆ ಅದರ ಮೇಲೆ ಪ್ರೀತಿ ಬಂತು, ಅಷ್ಟೇ. 1964ರಲ್ಲಿಯೇ ಮಾಥ್ರಾ ಎಂಬ ಪತಂಗದ ಮರಿ ಗಾಡ್ಜಿಲ್ಲಾನ ಜಗಳ ಬಿಡಿಸಿ, ಮೂರು ತಲೆಯ ವೈರಿಯ ಮೇಲೆ ಒಟ್ಟಾಗಿ ಹೋಗೋಣ ಎಂದು ಒಪ್ಪಿಸುತ್ತದೆ. ಅರವತ್ತು ವರ್ಷದ ಮೇಲೆ ಈ ಚಿತ್ರದಲ್ಲೂ ಈಜಿಪ್ಟಿನ ಪಿರಮಿಡ್ಡುಗಳ ನಡುವೆ ಹೊಡೆದಾಡುವ ಗಾಡ್ಜಿಲ್ಲಾನನ್ನೂ ಕಾಂಗ್‌ನನ್ನೂ ಬಿಡಿಸಲು ಬರುವುದು ಅದೇ ಮಾಥ್ರಾ. ನಮ್ಮ ಬಯಲಾಟದಲ್ಲಿ ನಾರದ ಬಂದ ಹಾಗೆ ಬರುತ್ತದೆ, ಒಂದೇ ವ್ಯತ್ಯಾಸವೆಂದರೆ ಇದು ಜಗಳ ಹಚ್ಚುವುದಿಲ್ಲ. ಆದ್ದರಿಂದ ಹಳೆಯದನ್ನೇ ಮಾಡಿದ್ದಾರೆ ಎಂಬುದು ಇಲ್ಲಿ ದೂರಲ್ಲ. ಹಳೆಯದರ ಜತೆ ಹೊಸದೇನು ಇಟ್ಟಿದ್ದಾರೆ ಎಂದು ಕೇಳಬೇಕು.

ಹೊಸದು ಕಾಂಗ್‌ನ ಒಂಟಿತನ. ಹಿಂದಿನ ಭಾಗದಲ್ಲಿ ಅವನನ್ನು ಸರಪಳಿ ಬಿಗಿದು ಹಡಗಿನಲ್ಲಿ ಸಾಗಿಸುತ್ತಾರೆ. ಆಗ ಅವನು ಜಿಯಾ ಎಂಬ ಪುಟ್ಟ ಹುಡುಗಿಗೆ ಸನ್ನೆಯಲ್ಲಿ ಒಂದು ಮಾತು ಹೇಳುತ್ತಾನೆ: ಮನೆ. ಆ ಮನೆಯೇ ಈ ಭಾಗದಲ್ಲಿ ಸಿಕ್ಕಿದೆ. ಭೂಮಿಯ ಹೊಟ್ಟೆಯೊಳಗೆ ಇನ್ನೊಂದು ಲೋಕ, ನಮ್ಮ ಲೆಕ್ಕದಲ್ಲಿ ಪಾತಾಳ. ಬೆಟ್ಟ ಇದೆ, ಜಲಪಾತ ಇದೆ, ಬೇಟೆ ಇದೆ. ಮಾತಾಡಿಸುವವರು ಮಾತ್ರ ಒಬ್ಬರೂ ಇಲ್ಲ. ಬೇಟೆ ಮುಗಿಸಿ, ಜಲಪಾತದಲ್ಲಿ ಮೈ ತೊಳೆದುಕೊಂಡು, ಒಬ್ಬನೇ ಕೂತು ಉಣ್ಣುವ ಕಾಂಗ್‌ನನ್ನು ಕಂಡರೆ ಶಿಫ್ಟ್ ಮುಗಿಸಿ ಬಂದು ಡೊಂಬಿವಲಿಯ ಬಾಡಿಗೆ ಖೋಲಿಯಲ್ಲಿ ಡಬ್ಬಿ ಬಿಚ್ಚುವ ಬ್ರಹ್ಮಚಾರಿಯ ನೆನಪಾಗುತ್ತದೆ. ಅದರ ಮೇಲೆ ಅವನಿಗೆ ಹಲ್ಲುನೋವು ಬೇರೆ! ನಗಬೇಡಿ, ಇಡೀ ಚಿತ್ರದ ಅತ್ಯುತ್ತಮ ಉಪಾಯವೇ ಈ ಹಲ್ಲುನೋವು. ಪರವೂರಿನಲ್ಲಿ ಒಂಟಿಯಾಗಿದ್ದವನಿಗೆ ರಾತ್ರಿ ಹಲ್ಲು ನೋಯಲು ಶುರುವಾದರೆ ಏನೆಂಬುದು ಅನುಭವಿಸಿದವರಿಗೇ ಗೊತ್ತು. ಕಾಂಗ್ ಮೇಲಿನ ಲೋಕಕ್ಕೆ ಬಂದು ಮನುಷ್ಯರೆದುರು ಕೂರುತ್ತಾನೆ. ಟ್ರಾಪರ್ ಎಂಬ ಪಶುವೈದ್ಯ (ಡ್ಯಾನ್ ಸ್ಟೀವನ್ಸ್ ಮಜವಾಗಿ ಮಾಡಿದ್ದಾನೆ) ಕೆಟ್ಟ ಹಲ್ಲು ಕಿತ್ತು ಹೊಸದು ಕೂರಿಸುತ್ತಾನೆ.

ಕಾಂಗ್ ಇರುವ ಈ ದೃಶ್ಯಗಳಲ್ಲಿ ಬಹುಪಾಲು ಮಾತೇ ಇಲ್ಲ. ಅಡಿಬರಹವೂ ಇಲ್ಲ. ಕಣ್ಣು, ಹುಬ್ಬು, ಭುಜ, ಗುರುಗುಟ್ಟುವಿಕೆ, ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ. ಭಾರತದಲ್ಲಿ ಚಿತ್ರ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು. ನಾವು ನೋಡಿದ್ದು ಹಿಂದಿಯಲ್ಲಿ. ನಮ್ಮ ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಹಿಂದಿ, ಕೆಳಗೆ ತರಕಾರಿಯವಳ ಹತ್ತಿರ ಮರಾಠಿ. ಹೀಗೆ ಬೆಳೆದ ಹತ್ತು ವರ್ಷದ ಮಗ ಪಕ್ಕದಲ್ಲಿ ಕೂತು ಕೇಳಿದ: “ಅಪ್ಪಾ, ಇವು ಮಂಗ್ಯಾ ತಮ್ಮತಮ್ಮೊಳಗ ಯಾವ ಭಾಷಾ ಮಾತಾಡ್ತಾವ?” “ಮನಿ ಭಾಷಾ,” ಅಂದೆ. ಅವನಿಗೆ ಅಷ್ಟು ಸಾಕಾಯಿತು. ಊರಲ್ಲಿರುವ ನೀವು ಅರವತ್ತರ ದಶಕದಿಂದ ಡಬ್ಬಿಂಗ್ ಬೇಕೋ ಬೇಡವೋ ಎಂದು ಜಗಳಾಡುತ್ತ ಬಂದಿರಿ. 2015ರಲ್ಲಿ ಸ್ಪರ್ಧಾ ಆಯೋಗ ತೀರ್ಪು ಕೊಟ್ಟ ಮೇಲೆ ಆ ಕಟ್ಟು ಸಡಿಲಾಯಿತು, 2022ರ ‘ಅವತಾರ್’ ಎರಡನೆಯ ಭಾಗ ಕನ್ನಡದಲ್ಲೂ ಬಂತು. ಹೊರನಾಡಿನ ನಾವು ಆ ಜಗಳದಲ್ಲಿ ಯಾವ ಕಡೆಯೂ ಇರಲಿಲ್ಲ. ಇಲ್ಲಿ ಏನು ಸಿಕ್ಕಿತೋ ಅದನ್ನು ಸಿಕ್ಕ ಭಾಷೆಯಲ್ಲಿ ನೋಡಿದೆವು. ಇರಲಿ. ಡಬ್ಬಿಂಗಿನ ಗೊಡವೆಯೇ ಇಲ್ಲದ ಅರ್ಧ ಸಿನಿಮಾ ಇದು, ಆ ಅರ್ಧವೇ ಒಳ್ಳೆಯ ಅರ್ಧ. ಮನುಷ್ಯರು ಬಾಯಿ ತೆರೆದರೆ ಸಾಕು, ಯಾವ ಯಂತ್ರ ಏನು ತೋರಿಸುತ್ತಿದೆ, ಯಾವ ಗೋಡೆಬರಹದ ಅರ್ಥವೇನು ಎಂಬ ಪಾಠ ಶುರು. ರೆಬೆಕ್ಕಾ ಹಾಲ್‌ನಂಥ ಒಳ್ಳೆಯ ನಟಿಯನ್ನು ಗೈಡ್ ಪುಸ್ತಕ ಓದಲು ಹಚ್ಚಿದ್ದಾರೆ.

ಮುಂದೆ ಕಾಂಗ್‌ಗೆ ತನ್ನವರು ಸಿಗುತ್ತಾರೆ. ಮೊದಲು ಸಿಗುವುದು ಸೂಕೋ ಎಂಬ ಕಿಲಾಡಿ ಮರಿ. ಮೊದಲ ಭೇಟಿಯಲ್ಲೇ ಮೈಮೇಲೆ ಬೀಳುತ್ತದೆ. ಆ ಹೊಡೆದಾಟದಲ್ಲಿ ಕಾಂಗ್ ಅದನ್ನೇ ಕೈಯಲ್ಲಿ ಹಿಡಿದು ದೊಣ್ಣೆಯ ಹಾಗೆ ಬೀಸಿ ಉಳಿದ ಮಂಗಗಳನ್ನು ಬಡಿಯುತ್ತಾನೆ, ಥೇಟರಿಗೆ ಥೇಟರೇ ನಕ್ಕಿತು. ದಾರಿ ತೋರಿಸುವ ನೆಪದಲ್ಲಿ ಮರಿ ಅವನನ್ನು ಅಪಾಯಕ್ಕೂ ಒಡ್ಡುತ್ತದೆ. ಆಮೇಲೆ ಅವನು ಕೊಟ್ಟ ಮಾಂಸವನ್ನು ಅಂಜುತ್ತಂಜುತ್ತ ತೆಗೆದುಕೊಳ್ಳುತ್ತದೆ. ಆ ಮರಿಯ ಹಿಂದೆ ಹೋಗಿ ಕಾಂಗ್ ತನ್ನವರ ಊರು ಮುಟ್ಟಿದರೆ ಅಲ್ಲಿ ಏನಿದೆ? ಬೆಂಕಿಯ ಹೊಂಡ, ಅದರ ಅಂಚಿನಲ್ಲಿ ಕಲ್ಲು ಹೊರುವ ನೂರಾರು ಮಂಗಗಳು. ಮೇಲೆ ಸಿಂಹಾಸನದಲ್ಲಿ ಸ್ಕಾರ್ ಕಿಂಗ್, ಎಲುಬಿನ ಚಾಟಿ ಹಿಡಿದ ಸಣಕಲ ದೊರೆ. ಅವನೂ ಇವರದೇ ಜಾತಿ.

ನನ್ನ ಮಟ್ಟಿಗೆ ಚಿತ್ರ ಗೆದ್ದದ್ದು ಇಲ್ಲಿ. ನಮ್ಮವರು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಊರು ಬಿಟ್ಟವರಿಗೆಲ್ಲ ಇರುತ್ತದೆ, ಇಟ್ಟುಕೊಳ್ಳಲೇಬೇಕು, ಇಲ್ಲದಿದ್ದರೆ ಮೊದಲ ವರ್ಷವೇ ದಾಟುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕತೆ ನಿಮಗೆ ಗೊತ್ತಿರಬಹುದು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದ ಹುಡುಗರು ರಾತ್ರಿ ಅಲ್ಲಿ ಬಂದು ಕಲಿತು ಮುಂದೆ ಬಂದರು. ಅದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕಾದದ್ದೂ ಹೌದು. ಆದರೆ ಅದೇ ಹುಡುಗರಲ್ಲಿ ಕೆಲವರು ವಯಸ್ಸಾದ ಮೇಲೆ ಬಾಯಿಬಿಟ್ಟು ಹೇಳಿದ್ದನ್ನೂ ಕೇಳಿದ್ದೇನೆ: ಊರಿಂದ ಕರೆತಂದವನೂ ನಮ್ಮವನೇ, ಸಂಬಳ ಹಿಡಿದಿಟ್ಟವನೂ ನಮ್ಮವನೇ. ಬೈಗುಳ ಮನೆಮಾತಿನಲ್ಲೇ ಬಂತು ಎಂಬುದಷ್ಟೇ ಸಮಾಧಾನ! ಆ ಮಾತು ಸಂಘದ ವಾರ್ಷಿಕೋತ್ಸವದ ಭಾಷಣಗಳಲ್ಲಿ ಬರುವುದಿಲ್ಲ. ಹಾಲಿವುಡ್ಡಿನ ಮಂಗನ ಸಿನಿಮಾದಲ್ಲಿ ಬಂತು. ತನ್ನವರನ್ನು ಕಂಡ ಮೊದಲ ಗಳಿಗೆಯಲ್ಲಿ ಕಾಂಗ್‌ನ ಮುಖದ ಮೇಲೆ ಖುಷಿ ಇನ್ನೂ ಪೂರ್ತಿ ಮೂಡಿರುವುದಿಲ್ಲ, ಅಷ್ಟರಲ್ಲಿ ಆ ಕಲ್ಲು ಹೊರುವವರು ಕಣ್ಣಿಗೆ ಬೀಳುತ್ತಾರೆ. ಗ್ರಾಫಿಕ್ಸಿನವರಿಗೆ ನಮಸ್ಕಾರ ಹೇಳಬೇಕು.

ಕಾಂಗ್‌ಗೆ ಸರಿಜೋಡಿಯಾಗಿ ಜಿಯಾಳ ಕತೆ ನಡೆಯುತ್ತದೆ. ಅವಳು ಇವಿ ಎಂಬ ಬುಡಕಟ್ಟಿನ ಕೊನೆಯ ಕುಡಿ, ಕಿವಿ ಕೇಳದವಳು. ವಿಜ್ಞಾನಿ ಐಲೀನ್ ಸಾಕಿಕೊಂಡಿದ್ದಾಳೆ. ಶಾಲೆಯಲ್ಲಿ ಮನಸ್ಸು ನಿಲ್ಲುವುದಿಲ್ಲ, ವಹಿಯ ತುಂಬ ಏನೋ ಗೀಚುತ್ತಾಳೆ. ಈ ಪಾತ್ರ ಮಾಡಿದ ಕೇಲಿ ಹಾಟಲ್ ನಿಜವಾಗಿಯೂ ಕಿವಿ ಕೇಳದ ಹುಡುಗಿ, ಸನ್ನೆಭಾಷೆಯೇ ಆಕೆಯ ಮನೆಮಾತು. ಅದಕ್ಕೇ ಅವಳ ಕೈಗಳಲ್ಲಿ ಕಲಿತು ಒಪ್ಪಿಸಿದ ಪಾಠದ ಬಿಗುವಿಲ್ಲ. ಪಾತಾಳದಲ್ಲಿ ಅವಳಿಗೂ ತನ್ನ ಬುಡಕಟ್ಟಿನವರು ಸಿಗುತ್ತಾರೆ. ಅಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ, ಮನಸ್ಸಿನಿಂದ ಮನಸ್ಸಿಗೇ ತಿಳಿಯುತ್ತದೆ. ಸಾಕಿದ ತಾಯಿ ದೂರ ನಿಂತು ನೋಡುತ್ತಾಳೆ: ಮಗಳು ಇಲ್ಲೇ ಉಳಿಯುವವಳೇನೋ. ಆ ಅಂಜಿಕೆ ನಮ್ಮಲ್ಲಿ ತಿರುಗುಮುರುಗಾಗಿ ಇದೆ. ಊರಿಗೆ ಕರೆದುಕೊಂಡು ಹೋದ ಮಕ್ಕಳು ನಾಲ್ಕನೆಯ ದಿನಕ್ಕೆ “ಮನಿಗೆ ಯಾವಾಗ ಹೋಗೂದು?” ಎಂದು ಕೇಳಿದಾಗ ಅಜ್ಜನ ಮುಖ ನೋಡಲಾಗುವುದಿಲ್ಲ.

ಇಷ್ಟು ದೊಡ್ಡ ವಿಷಯವನ್ನು ಕೈಗೆ ತೆಗೆದುಕೊಂಡ ನಿರ್ದೇಶಕ ಅದನ್ನು ಮುಗಿಸುವ ರೀತಿ ಮಾತ್ರ ಬೇಸರ ತರಿಸುತ್ತದೆ. ಜಿಯಾ ತಾಯಿಯ ಜತೆಗೇ ಇರುತ್ತೇನೆ ಎನ್ನುತ್ತಾಳೆ. ಸರಿ, ಇರಲಿ. ಯಾಕೆ? ತನ್ನವರ ನಡುವೆ ಅವಳಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ? ಒಂದು ದಿನದ ಊಟ, ಒಂದು ಆಟ, ಒಂದು ತಪ್ಪು ತಿಳಿವಳಿಕೆ, ಯಾವುದೂ ಇಲ್ಲ. ಮಾಥ್ರಾಳನ್ನು ಎಬ್ಬಿಸುವ ಕೆಲಸ ಅವಳಿಂದಾಗಬೇಕಿತ್ತು, ಆಯಿತು, ಅಪ್ಪುಗೆ, ಮುಗಿಯಿತು. ಕಾಂಗ್‌ನ ಒಂದೊಂದು ಗುದ್ದಿಗೂ ಸಿಕ್ಕ ಸಮಯ ಆ ಹುಡುಗಿಯ ನಿರ್ಧಾರಕ್ಕೆ ಸಿಗಲಿಲ್ಲ.

ಆಮೇಲೆ ಊರು ಒಡೆಯುವ ಭಾಗ. ಬ್ರೆಜಿಲಿನ ರಿಯೋ ನಗರದಲ್ಲಿ ನಾಲ್ಕು ದೈತ್ಯರು ಬಿದ್ದು ಹೊರಳಾಡುತ್ತಾರೆ, ಶೀಮೋ ಎಂಬ ಪ್ರಾಣಿ ಉಸಿರು ಬಿಟ್ಟು ಎಲ್ಲವನ್ನೂ ಹೆಪ್ಪುಗಟ್ಟಿಸುತ್ತದೆ. ನೋಡಲು ಚೆಂದ. ಜನ ಓಡುವುದೂ ಕಾಣುತ್ತದೆ, ಆದರೆ ಒಬ್ಬರ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಕಟ್ಟಡ ಉರುಳಿದರೆ ಇಸ್ಪೀಟಿನ ಮನೆ ಉರುಳಿದ ಹಾಗೆ. 1954ರ ಹೋಂಡಾನ ಚಿತ್ರದಲ್ಲಿ ಟೋಕಿಯೋ ಉರಿಯುವಾಗ ಒಬ್ಬ ತಾಯಿ ಬೀದಿಯಲ್ಲಿ ಮಕ್ಕಳನ್ನು ಅವಚಿಕೊಂಡು ಕೂತಿರುತ್ತಾಳೆ. ಇನ್ನೇನು ನಿಮ್ಮಪ್ಪನ ಹತ್ತಿರ ಹೋಗಿಬಿಡುತ್ತೇವೆ ಎಂದು ಅವರನ್ನು ಸಂತೈಸುತ್ತಾಳೆ. ಆ ವರ್ಷ ಮಾರ್ಚಿನಲ್ಲಷ್ಟೇ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರರ ದೋಣಿಯ ಮೇಲೆ ಸುರಿದಿತ್ತು. ನೋಡುವವರಿಗೆ ಅದು ಆಟವಾಗಿರಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನಾವೂ ಎದೆಮಟ್ಟದ ನೀರಿನಲ್ಲಿ ನಡೆದವರು. ಶಹರ ಕುಸಿದಾಗ ನೆನಪಿಗೆ ಬರುವುದು ಕಟ್ಟಡಗಳಲ್ಲ. ಗುರುತಿಲ್ಲದವನಿಗೆ ಬಿಸ್ಕೀಟು ಕೊಟ್ಟ ಹೆಂಗಸು, ಹಗ್ಗ ಹಿಡಿದು ದಾಟಿಸಿದ ಹುಡುಗರು. ಅಂಥ ಒಬ್ಬರೂ ಇಲ್ಲದ ರಿಯೋ ನನಗೆ ಬೇಗ ಬೇಜಾರು ತರಿಸಿತು. ಮಗನಿಗೆ ತರಿಸಲಿಲ್ಲ, ಅವನು ಕುರ್ಚಿಯ ತುದಿಗೆ ಬಂದಿದ್ದ. ಅದನ್ನೂ ಹೇಳದಿದ್ದರೆ ಅನ್ಯಾಯ.

ಧಾರವಾಡದಿಂದ ತಂಗಿ ಫೋನು ಮಾಡಿ, “ಅಣ್ಣಾ, ಹುಡುಗರಿಗೆ ತೋರಸೂ ಹಂಗ ಅದ ಏನು?” ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಎಂಟು ದಾಟಿದ ಹುಡುಗರಿಗೆ ಧಾರಾಳವಾಗಿ ತೋರಿಸಬಹುದು. ಎರಡು ತಾಸು ಕೂಡ ಪೂರ್ತಿ ಇಲ್ಲ, 115 ನಿಮಿಷ. ಮೊಬೈಲಿನಲ್ಲಿ ಮಾತ್ರ ಬೇಡ, ಕಾಂಗ್‌ನ ಹುಬ್ಬು ಕಾಣಬೇಕಾದರೆ ಮನೆಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಪರದೆಯೇ ಆಗಬೇಕು. ದೊಡ್ಡವರಿಗೆ ಇದು ಸಾಲದೆನಿಸಿದರೆ ಮಕ್ಕಳು ಮಲಗಿದ ಮೇಲೆ ಜಪಾನಿನ ತಕಾಶಿ ಯಮಝಾಕಿ 2023ರಲ್ಲಿ ತೆಗೆದ ‘ಗಾಡ್ಜಿಲ್ಲಾ ಮೈನಸ್ ಒನ್’ ನೋಡಲಿ. ಯುದ್ಧದಿಂದ ಜೀವ ಉಳಿಸಿಕೊಂಡು ಬಂದವನೊಬ್ಬ ಸುಟ್ಟುಹೋದ ತನ್ನ ಓಣಿಗೆ ಮರಳುವಲ್ಲಿಂದ ಅದರ ಕತೆ ಬೆಳೆಯುತ್ತದೆ. ಹಾಲಿವುಡ್ಡಿನ ಲೆಕ್ಕದಲ್ಲಿ ಚಿಲ್ಲರೆ ಎನ್ನಬಹುದಾದ ಖರ್ಚಿನಲ್ಲಿ ಮಾಡಿ, 2024ರಲ್ಲಿ ವಿಶುವಲ್ ಎಫೆಕ್ಟ್ಸ್ ಆಸ್ಕರ್ ಅನ್ನೇ ಹೊತ್ತೊಯ್ದರು. ಹಾಗಂತ ಕಾಂಗ್‌ನ ಚಿತ್ರಕ್ಕೆ ಬೆನ್ನು ತಿರುಗಿಸಬೇಕಿಲ್ಲ. ಹಿಂದಿ ಇಂಗ್ಲಿಷು ಬಾರದ ಅವ್ವನನ್ನೂ ಜತೆಗೆ ಕೂಡ್ರಿಸಿಕೊಳ್ಳಿ, ಮಂಗಗಳ ಭಾಗಕ್ಕೆ ಯಾರೂ ಅರ್ಥ ಹೇಳಿಕೊಡಬೇಕಿಲ್ಲ. ಮನುಷ್ಯರು ಮಾತಾಡಲು ಶುರು ಮಾಡಿದಾಗ ಎದ್ದು ಚಹಾಕ್ಕೆ ಇಡಬಹುದು.