ರೋಮನ್ ಲಿಪಿಯಿಂದ ಮರಳಿದ ಊರ ಹೆಸರು: ಕನ್ನಡ ವಿಕಿಪೀಡಿಯ ಸಂಪಾದನೆಯ ವಿಮರ್ಶೆ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸ್ವಯಂಸೇವಕ ಸಂಪಾದಕರ ಭಿನ್ನಮತಗಳನ್ನು ಬರಿಯ ಜಗಳವೆಂದು ತಳ್ಳಿಹಾಕುವುದನ್ನು ನಾವು ಒಪ್ಪಲಾರೆವು. ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಯ ಹೆಸರನ್ನೇ ಪರಿಶೀಲಿಸೋಣ. ಇದರಲ್ಲಿ ಲಕಾರ, ಳಕಾರಗಳೆರಡೂ ಇವೆ. ರೂಢಿಯ ರೋಮನ್ ಬರಹದಲ್ಲಿ ಈ ಭೇದವೂ ಹ್ರಸ್ವ-ದೀರ್ಘಗಳ ಭೇದವೂ ಅಳಿಯುತ್ತವೆ. ಅಲ್ಲಿ ಹಳ್ಳಿಗೂ ಹಲ್ಲಿಗೂ ವ್ಯತ್ಯಾಸವಿಲ್ಲ. ಇಂಗ್ಲಿಷ್ ಆಕರವನ್ನಷ್ಟೇ ನಂಬಿದ ಅನುವಾದಕರಿಗೆ ‘ಪಲಹಳ್ಳಿ’, ‘ಪಾಳಹಳ್ಳಿ’ಗಳೂ ಸಾಧುವೆನಿಸಬಹುದು. ಊರವರ ನಾಲಗೆಗೆ ಸಂಶಯವಿಲ್ಲ. ಆದರೆ ವಿಶ್ವಕೋಶದ ನಿಯಮವು ಸ್ವಂತ ಅರಿವನ್ನಲ್ಲ, ಪ್ರಕಟಿತ ಆಕರವನ್ನು ಕೇಳುತ್ತದೆ. ಆ ನಿಯಮ ಬೇಕು. ಇಂಗ್ಲಿಷ್ ಆಕರಕ್ಕೆ ಕನ್ನಡ ಕಾಗುಣಿತದ ಅಧಿಕಾರ ಬೇಡ. ಸ್ಥಳನಾಮಕ್ಕೆ ಕನ್ನಡ ಲಿಪಿಯ ದಾಖಲೆಯೇ ಪ್ರಮಾಣವಾಗಬೇಕು. ಅಂತಹ ದಾಖಲೆಯನ್ನು ಮುಂದಿಟ್ಟು ಚರ್ಚಾಪುಟದಲ್ಲಿ ನಡೆಯುವ ವಾದವು ಲೇಖನದ ಅಂಗವೇ ಹೌದು. ಭಾಷಾವಿಜ್ಞಾನಿಗಳು ಅದನ್ನೂ ಓದಬೇಕೆಂಬುದು ನಮ್ಮ ನಿಲುವು.