ವೇಟಿಂಗ್ ರೂಮಿನ ಕೊಳಲು

ದವಾಖಾನೆಯ ವೇಟಿಂಗ್ ರೂಮಿನಲ್ಲಿ ಹಾಕುವ ಸಂಗೀತದ ಬಗ್ಗೆ ಯಾರೂ ವಿಮರ್ಶೆ ಬರೆಯುವುದಿಲ್ಲ. ಸಿನಿಮಾ ಹಾಡಿಗೆ ಬರೀತೀವಿ, ವೆಬ್ ಸಿರೀಸಿನ ಟೈಟಲ್ ಟ್ರ್ಯಾಕಿಗೂ ಬರೀತೀವಿ. ಆದರೆ ಸ್ಕ್ಯಾನಿಂಗ್ ರಿಪೋರ್ಟಿನ ಕವರು ತೊಡೆ ಮೇಲಿಟ್ಟುಕೊಂಡು ಎರಡೆರಡು ತಾಸು ಕೂತವರು ಎದ್ದು ಹೋಗುವ ಹಾಗಿಲ್ಲದೆ ಕೇಳುವ ಸಂಗೀತ ಇದು. ಇಷ್ಟು ಕಟ್ಟಿಹಾಕಿದ ಶ್ರೋತೃಗಳು ಇನ್ನೆಲ್ಲಿ ಸಿಗ್ತಾರೆ ಹೇಳಿ?

ನಾನಿರೋದು ಪುಣೆಯಲ್ಲಿ. ಅಪ್ಪನ ಸಕ್ಕರೆ ಕಾಯಿಲೆಯ ದೆಸೆಯಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯ ಬೆಂಚುಗಳ ಪರಿಚಯ ಚೆನ್ನಾಗಿಯೇ ಆಗಿದೆ. ಮೊದಲೆಲ್ಲ ಮೂಲೆಯಲ್ಲೊಂದು ಟಿವಿ ಇರುತ್ತಿತ್ತು. ಮರಾಠಿ ಧಾರಾವಾಹಿ, ಇಲ್ಲಾಂದ್ರೆ ಕನ್ನಡ ನ್ಯೂಸ್. ಈಗ ಗಾಜಿನ ಬಾಗಿಲಿನ ಕ್ಲಿನಿಕ್ಕುಗಳಲ್ಲಿ ಕೊಳಲು. ಹಿಂದೆ ನೀರು ಹರಿಯುವ ಸದ್ದು, ನಡುನಡುವೆ ಒಂದು ಹಕ್ಕಿ, ಕೆಳಗೆ ಕೀಬೋರ್ಡಿನ ಉದ್ದನೆಯ ಗುಂಯ್. ನಲವತ್ತು ನಿಮಿಷಕ್ಕೆ ಅದೇ ಹಕ್ಕಿ ಮತ್ತೆ ಬರುತ್ತೆ.

ಕೊಳಲೇ ಯಾಕೆ ಅನ್ನೋದು ನಮ್ಮ ಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಹಾಡು ಹಾಕಿದರೆ ಒಬ್ಬರು ಮುಖ ತಿರುಗಿಸ್ತಾರೆ, ಮರಾಠಿ ಹಾಕಿದರೆ ಇನ್ನೊಬ್ಬರು. ಭಜನೆ ಹಾಕಿದರೆ ಯಾರ ದೇವರದು ಅನ್ನೋ ಪ್ರಶ್ನೆ. ಕೊಳಲಿಗೆ ಭಾಷೆಯಿಲ್ಲ, ಜಗಳವಿಲ್ಲ. ಜಾಣತನವೇ. ತಮಾಷೆ ಅಂದ್ರೆ, ಬೆಂಚಿನ ಮೇಲೆ ಕೂತವರು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕಬ್ಬಿನ ಬಿಲ್ಲಿನಿಂದ ಮಂಡಿನೋವಿನವರೆಗೆ ಆರಾಮಾಗಿ ಮಾತಾಡ್ತಿರುತ್ತಾರೆ. ಆ ಮಾತಿನ ಮೇಲೆಯೇ ಈ ನೀರು ಹರಿಯೋದು.

ಬ್ರಿಯಾನ್ ಈನೋ 1978ರಲ್ಲಿ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಅಂತ ಆಲ್ಬಂ ಮಾಡಿದ. ನಿಮ್ಮಲ್ಲಿ ಕೆಲವರು ಕೋಡ್ ಬರೆಯುವಾಗ ಹಾಕ್ಕೊಂಡಿರ್ತೀರಿ. ಕಾಯುವ ಜಾಗದ ಸಂಗೀತಕ್ಕೆ ಅವನು ಇಟ್ಟುಕೊಂಡ ಷರತ್ತುಗಳು ಬಹಳ ಪ್ರಾಯೋಗಿಕ: ಅನೌನ್ಸ್‌ಮೆಂಟ್ ಬಂದರೆ ಸಂಗೀತ ದಾರಿ ಬಿಡಬೇಕು, ಜನರ ಮಾತಿನ ಸ್ವರಮಟ್ಟದಿಂದ ಆಚೆ ಇರಬೇಕು. ನಮ್ಮ ಕೊಳಲು ಎರಡರಲ್ಲೂ ಫೇಲು. ಅದರ ದನಿ ಬೀಳೋದೇ ಹೆಚ್ಚುಕಡಿಮೆ ಮಾತಿನ ಹಾದಿಯಲ್ಲಿ. ಅಪ್ಪನ ಕಿವಿಯಲ್ಲಿ ಮಶೀನ್ ಇದೆ. ಮಾತನ್ನು ದೊಡ್ಡದು ಮಾಡುವ ಮಶೀನ್ ಕೊಳಲನ್ನೂ ದೊಡ್ಡದು ಮಾಡುತ್ತೆ. ಒಂದು ಕಡೆ (ಹೆಸರು ಬೇಡ) ಹದಿನೇಳನೇ ನಂಬರ್ ಕರೆದದ್ದು ಅವರಿಗೆ ಕೇಳಿಸಲೇ ಇಲ್ಲ. ನಾನು ಕೆಳಗೆ ಔಷಧಿ ಅಂಗಡಿಯಲ್ಲಿದ್ದೆ. ಮತ್ತೆ ಸರದಿ ಬಂದದ್ದು ಮೂವತ್ತೆರಡರ ನಂತರ, ಅದೂ ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿದ್ದ ಸಕ್ಕರೆ ಕಾಯಿಲೆಯವರಿಗೆ. ಅವರು ಯಾರನ್ನೂ ಬೈಯಲಿಲ್ಲ. 'ನನಗ ಕೇಳ್ಸಲಿಲ್ಲಪಾ' ಅಂತ ಸಣ್ಣ ದನಿಯಲ್ಲಿ ಅಂದರು, ತಪ್ಪು ತಮ್ಮದೇ ಅನ್ನೋ ಹಾಗೆ. ನನ್ನ ಸಿಟ್ಟೆಲ್ಲ ಆ ದನಿಗೆ.

ಇನ್ನೊಂದು ವಿಚಿತ್ರ ನೋಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಹಗಲಿಗೆ 50 ಡೆಸಿಬಲ್ ಮಿತಿ. ಹೊರಗೆ ಹಾರ್ನ್ ಹೊಡೆಯಬೇಡಿ ಅಂತ ಬೋರ್ಡು, ಒಳಗೆ ತಲೆ ಮೇಲೆಯೇ ಸ್ಪೀಕರ್.

ಸಂಗೀತದಿಂದ ಭಯ ಕಡಿಮೆಯಾಗುತ್ತೆ ಅಂತ ಡಾಕ್ಟರು ಹೇಳಿದರೆ ಅದು ಸುಳ್ಳಲ್ಲ. 2013ರ ಕಾಕ್ರನ್ ವಿಮರ್ಶೆ 26 ಪ್ರಯೋಗಗಳನ್ನು, 2051 ರೋಗಿಗಳನ್ನು ಒಟ್ಟು ಮಾಡಿ ನೋಡಿತ್ತು. ಆಪರೇಷನ್ನಿಗೆ ಮುಂಚಿನ ಆತಂಕ ಸಂಗೀತದಿಂದ ತಗ್ಗಬಹುದು ಅಂತಲೇ ಅದರ ತೀರ್ಮಾನ. ಆದರೆ ಅಲ್ಲಿನ ಎಷ್ಟೋ ಪ್ರಯೋಗಗಳಲ್ಲಿ ಯಾವ ಸಂಗೀತ ಅನ್ನೋದನ್ನು ಆರಿಸಿದ್ದು ರೋಗಿಯೇ. ಡಾಕ್ಟರ ಕ್ಯಾಬಿನ್ನಿಗೆ ಪ್ಲೈವುಡ್ ಗೋಡೆಯಿದ್ದರೆ ಒಳಗಿನ ಮಾತು ಹೊರಗೆ ಬೀಳದಂತೆ ಒಂದಿಷ್ಟು ಸದ್ದು ಬೇಕು ಅನ್ನೋದನ್ನೂ ಒಪ್ಪುತ್ತೇನೆ. ಹೆಂಗಸೊಬ್ಬಳು ತನ್ನ ಮುಟ್ಟಿನ ತೊಂದರೆ ಹೇಳಿಕೊಳ್ಳುವುದನ್ನು ಇಡೀ ಊರು ಯಾಕೆ ಕೇಳಬೇಕು? ಹಾಗಿದ್ದರೆ ಸ್ಪೀಕರ್ ಕ್ಯಾಬಿನ್ನಿನ ಬಾಗಿಲ ಪಕ್ಕ ಇರಲಿ. ಮುದುಕರ ಬೆಂಚಿನ ಮೇಲೆ ಯಾಕೆ?

ಕಾಯಿಲೆಯವರ ಕಿವಿ ಸುಮ್ಮನೆ ಖಾಲಿ ಬಿದ್ದಿರುತ್ತದೆ, ಏನಾದರೂ ತುಂಬಿದರಾಯ್ತು ಅನ್ನೋದು ಈ ಪ್ಲೇಲಿಸ್ಟಿನ ನಂಬಿಕೆ. ನಮ್ಮದೇ ಜಿಲ್ಲೆಯ ಸೂಳೆಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯದಿಂದ ದೇವಾಸದಲ್ಲಿ ಹಾಸಿಗೆ ಹಿಡಿದಿದ್ದರು. ಹಾಡಬಾರದು ಅಂತ ಡಾಕ್ಟರ ಅಪ್ಪಣೆ, ಅದೂ ವರ್ಷಗಟ್ಟಲೆ. ಮಲಗಿದಲ್ಲಿಗೇ ಮಾಳವದ ಜನಪದ ಹಾಡು ಹೊರಗಿನಿಂದ ಕೇಳಿಬರುತ್ತಿತ್ತು. ಎದ್ದ ಮೇಲೆ ಅವರ ಗಾಯನದೊಳಕ್ಕೆ ಬಂದದ್ದು ಆ ಹಾಡುಗಳೇ. ಯಾರೂ ಅವರಿಗಾಗಿ ಹಾಕಿದ್ದಲ್ಲ ಅದು.

ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಈ ಭಾಗದವರು ಓಡೋದು ಮಿರಜಿಗೆ. ಕಾಗವಾಡದಿಂದ ದೂರವೇನಿಲ್ಲ. ಡಾಕ್ಟರ್ ವಾನ್ಲೆಸ್ ಅಲ್ಲಿ ಮಿಶನ್ ಆಸ್ಪತ್ರೆ ಶುರುಮಾಡಿದ್ದು 1894ರಲ್ಲಿ. ಅದೇ ಊರಿನ ಓಣಿಯಲ್ಲಿ ತಲೆಮಾರುಗಳಿಂದ ತಂಬೂರಿ, ಸಿತಾರ್ ಮಾಡುತ್ತಾರೆ, 2024ರಲ್ಲಿ ಅವಕ್ಕೆ ಜಿಐ ಟ್ಯಾಗೂ ಸಿಕ್ಕಿತು. ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರದು. ಇವತ್ತಿಗೂ ಉರುಸಿನಲ್ಲಿ ದರ್ಗಾದ ಅಂಗಳದಲ್ಲಿ ರಾತ್ರಿಯೆಲ್ಲ ಗಾಯನ ನಡೆಯುತ್ತೆ, ಬೇಕಾದವರು ಹೋಗಿ ಕೂರುತ್ತಾರೆ, ಸಾಕಾದವರು ಎದ್ದು ಬರುತ್ತಾರೆ. ಇಷ್ಟು ಹತ್ತಿರ ಇಂಥ ಊರಿಟ್ಟುಕೊಂಡು ನಾವು ಡೌನ್‌ಲೋಡ್ ಮಾಡಿದ ಹಕ್ಕಿ ಕೇಳುತ್ತಿದ್ದೇವೆ.

ಹೋದ ತಿಂಗಳು ಕೌಂಟರಿನ ಹುಡುಗಿಯನ್ನು ಕೇಳಿದೆ, ಸ್ವಲ್ಪ ವಾಲ್ಯೂಮ್ ಕಡಿಮೆ ಮಾಡ್ತೀರಾ ಅಂತ. ಪಾಪ, ಅವಳಿಗೂ ಬೇಡವಾಗಿತ್ತು, ದಿನಕ್ಕೆ ಎಂಟು ತಾಸು ಅವಳೇ ಕೇಳಬೇಕಲ್ಲ.

'ರಿಮೋಟ್ ಒಳಗ ಡಾಕ್ಟರ ಕಡೆ ಐತ್ರಿ' ಅಂದಳು.

ನಮ್ಮ ನಂಬರ್ ಬಂದಾಗ ಒಳಗೆ ಹೋದೆವು. ಬಾಗಿಲು ಮುಚ್ಚಿಕೊಂಡಿತು. ಅಲ್ಲಿ ಏನೂ ಕೇಳಿಸುತ್ತಿರಲಿಲ್ಲ.