ಉಸ್ಮಾನಿಯಾದ ಕನ್ನಡ ಗ್ರಂಥಗಳೂ ಗಣಕದ ಸೂಚಿಯೂ

ಗಣಕಯಂತ್ರವೂ ಅಂತರ್ಜಾಲವೂ ವಿಶ್ವವಿದ್ಯಾನಿಲಯದ ಅಧ್ಯಯನ ಅಧ್ಯಾಪನಗಳಿಗೆ ಎಷ್ಟರಮಟ್ಟಿಗೆ ಒದಗಿಬರುತ್ತವೆಂಬ ಪ್ರಶ್ನೆಗೆ ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಎರಡು ಬಗೆಯವು. ಯಂತ್ರ ಬಂದಿತು, ಇನ್ನು ವಿದ್ಯೆ ಸರ್ವರಿಗೂ ಸುಲಭ ಎನ್ನುವವರದು ಒಂದು. ಯಂತ್ರ ಬಂದಿತು, ಇನ್ನು ಗುರುವೂ ಗ್ರಂಥವೂ ಮೂಲೆಗುಂಪು ಎನ್ನುವವರದು ಮತ್ತೊಂದು. ಎರಡೂ ಯಂತ್ರವನ್ನು ದೂರದಲ್ಲಿ ನಿಂತು ನೋಡಿ ಆಡಿದ ಮಾತುಗಳು. ಹತ್ತಿರ ಹೋಗಿ ನೋಡಬಯಸುವವರಿಗೆ ಹೈದರಾಬಾದಿನಲ್ಲಿಯೇ ಒಂದು ನಿದರ್ಶನವುಂಟು: ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಭಂಡಾರದಲ್ಲಿದ್ದ ಕನ್ನಡ ಪುಸ್ತಕಗಳು ಗಣಕವನ್ನೇರಿದ ವೃತ್ತಾಂತ. ಅದರ ಗುಣದೋಷಗಳನ್ನು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಹಿಂದಿನ ಸಂಗತಿಯೊಂದನ್ನು ಮೊದಲು ನೆನೆಯಬೇಕು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾವು ದೇಶಭಾಷೆಯೊಂದನ್ನು, ಎಂದರೆ ಉರ್ದುವನ್ನು, ಉಚ್ಚಶಿಕ್ಷಣದ ಮಾಧ್ಯಮವಾಗಿ ಮಾಡಿಕೊಂಡ ವಿಶ್ವವಿದ್ಯಾನಿಲಯ. ಅದಕ್ಕೆ ಬೇಕಾದ ಪಠ್ಯಗಳನ್ನು ಸಿದ್ಧಪಡಿಸಲು ಒಂದು ವರ್ಷ ಮುಂಚಿತವಾಗಿಯೇ, 1917ರಲ್ಲಿ, ದಾರುಲ್ ತರ್ಜುಮಾ ಎಂಬ ಭಾಷಾಂತರ ಸಂಸ್ಥೆ ಏರ್ಪಟ್ಟಿತು. ವಿಜ್ಞಾನ, ವೈದ್ಯ, ನ್ಯಾಯಶಾಸ್ತ್ರಗಳಿಗೆ ವಿದ್ವಾಂಸರು ಕುಳಿತು ಪರಿಭಾಷೆಯನ್ನು ಕಡೆದರು. ಬೋಧನೆಗೆಂದು ಒಂದು ಉಪಕರಣವನ್ನು ಯೋಜನಾಪೂರ್ವಕವಾಗಿ ನಿರ್ಮಿಸಿಕೊಂಡ ಇಂಥ ಉದಾಹರಣೆ ನಮ್ಮ ದೇಶದಲ್ಲಿ ವಿರಳ. ಆದರೆ ರಾಯಚೂರು, ಕಲಬುರಗಿ, ಬೀದರಗಳಿಂದ ಬಂದ ಕನ್ನಡ ವಿದ್ಯಾರ್ಥಿಗೆ ಉರ್ದುವೂ ಕಲಿತ ಭಾಷೆಯೇ ಹೊರತು ಮನೆಮಾತಲ್ಲ. ಅಷ್ಟು ಶ್ರಮದಿಂದ ಕಟ್ಟಿದ ಸೇತುವೆ ಅವನ ಊರಿನ ಹೊಳೆಯ ಮೇಲಿರಲಿಲ್ಲ. 1948ರ ಅನಂತರ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತು. 1956ರಲ್ಲಿ ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು. 1980ರಲ್ಲಿ ಕಲಬುರಗಿಗೆ ತನ್ನದೇ ವಿಶ್ವವಿದ್ಯಾನಿಲಯವಾಯಿತು. ಓದಲು ಬರುತ್ತಿದ್ದವರ ದಾರಿ ಬದಲಾಯಿತು. ಪುಸ್ತಕಗಳು ಇಲ್ಲಿಯೇ ಉಳಿದುವು.

ಈ ಪುಸ್ತಕಗಳಿಗೆ ಹೊಸ ಜೀವ ಬಂದದ್ದು ಪ್ರಸಕ್ತ ಶತಮಾನದ ಮೊದಲ ದಶಕದಲ್ಲಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ರಾಜ್ ರೆಡ್ಡಿಯವರು ಮುಂದೆ ನಿಂತು ಹೂಡಿದ, ಹತ್ತು ಲಕ್ಷ ಗ್ರಂಥಗಳನ್ನು ಗಣಕಕ್ಕೇರಿಸುವ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಹೈದರಾಬಾದಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಕೈಗೂಡಿಸಿದುವು. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬುದು ಅದರ ಭಾರತೀಯ ರೂಪ. ಉಸ್ಮಾನಿಯಾದ ಕನ್ನಡ ಗ್ರಂಥಗಳು ಪುಟಪುಟವಾಗಿ ಚಿತ್ರಿತವಾಗಿ ಜಾಲವನ್ನೇರಿದುವು. ಮರುಮುದ್ರಣ ಕಾಣದ ಪುಸ್ತಕವೊಂದನ್ನು ಹುಡುಕಿಕೊಂಡು ಇಲ್ಲಿಗೆ ರೈಲು ಹತ್ತಬೇಕಾಗಿದ್ದ ಸಂಶೋಧಕನು ಧಾರವಾಡದಲ್ಲಿಯೋ ದೆಹಲಿಯಲ್ಲಿಯೋ ಕುಳಿತು ಅದನ್ನು ತೆರೆಯಬಹುದಾಯಿತು. ಇದು ಸಾಮಾನ್ಯ ಉಪಕಾರವಲ್ಲ; ಮುಂದೆ ಹೇಳಲಿರುವ ದೋಷಗಳು ಈ ಉಪಕಾರವನ್ನು ಅಲ್ಲಗಳೆಯಲಾರವು.

ತೆರೆಯಬಹುದಾಯಿತು, ನಿಜ, ಹುಡುಕಬಹುದಾಯಿತೆ? ಗ್ರಂಥಗಳ ಹೆಸರುಗಳನ್ನು ಪಟ್ಟಿಗೆ ಸೇರಿಸಿದ್ದು ರೋಮನ್ ಲಿಪಿಯಲ್ಲಿ. ಅದೂ ಒಂದೇ ಕ್ರಮದಲ್ಲಿ ಅಲ್ಲ. ಹ್ರಸ್ವದೀರ್ಘಗಳಿಗೂ ಲಕಾರಳಕಾರಗಳಿಗೂ ನಕಾರಣಕಾರಗಳಿಗೂ ಭೇದವಿಲ್ಲದ ಬರವಣಿಗೆಯಲ್ಲಿ ಹಾಲೂ ಹಾಳೂ ಒಂದೇ, ಕಲೆಯೂ ಕಳೆಯೂ ಒಂದೇ, ಮನೆಯೂ ಮಣೆಯೂ ಒಂದೇ. ಬೆರಳಚ್ಚಿನ ತಪ್ಪುಗಳು ಇದರ ಮೇಲೆ ಕೂಡಿಕೊಂಡವು. ಗ್ರಂಥಕರ್ತನ ಹೆಸರು ಒಂದು ಕಡೆ ಪೂರ್ಣ, ಇನ್ನೊಂದು ಕಡೆ ಮೊದಲಕ್ಷರಗಳು ಮಾತ್ರ. ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿ ತಾನು ಓದಬೇಕಾದ ಕನ್ನಡ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಬರೆದು ಕೇಳಿದರೆ ಭಂಡಾರವು ಮೌನ ತಾಳುತ್ತಿತ್ತು. ಪುಸ್ತಕ ಅಲ್ಲಿಯೇ ಇದೆ. ಕೇಳುವ ಭಾಷೆಯೊಂದೇ ಅಲ್ಲಿಲ್ಲ. ದಾರುಲ್ ತರ್ಜುಮಾದ ಕಾಲದ ರಾಯಚೂರಿನ ಹುಡುಗನ ಸ್ಥಿತಿಗೂ ಇದಕ್ಕೂ ಸಾದೃಶ್ಯವಿದೆಯೆಂದರೆ ಅತಿಶಯೋಕ್ತಿಯಾಗದು. ಸೂಚಿ ಎಂಬುದು ಗುಮಾಸ್ತರ ಕೆಲಸವೆಂದು ತಿಳಿದ ಕಡೆಯಲ್ಲೆಲ್ಲ ಹೀಗೆಯೇ ಆಗುತ್ತದೆ. ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಗಳನ್ನು ರಚಿಸಿದ ನಮ್ಮ ಹಿರಿಯ ವಿದ್ವಾಂಸರು ಅದನ್ನು ಹಾಗೆ ತಿಳಿದಿರಲಿಲ್ಲ.

ಈ ಕೊರತೆಯನ್ನು ತುಂಬಲು ಹೊರಟವರು ವಿಶ್ವವಿದ್ಯಾನಿಲಯಗಳವರಲ್ಲ. 2010ರ ದಶಕದಲ್ಲಿ ‘ಸಂಚಯ’ವೆಂಬ ಬಳಗದ ಉತ್ಸಾಹಿಗಳು ‘ಸಮೂಹ ಸಂಚಯ’ವೆಂಬ ತಾಣವನ್ನು ತೆರೆದು, ರೋಮನ್ ಲಿಪಿಯ ಒಂದೊಂದು ಹೆಸರನ್ನೂ ಸ್ವಯಂಸೇವಕರ ಮುಂದಿಟ್ಟು, ಕನ್ನಡದಲ್ಲಿ ಬರೆಯಿಸಿದರು. ಹೀಗೆ ಸಿದ್ಧವಾದ ‘ಪುಸ್ತಕ ಸಂಚಯ’ದಲ್ಲಿ ಉಸ್ಮಾನಿಯಾದ ಗ್ರಂಥವನ್ನೂ ಡಿಜಿಟಲ್ ಲೈಬ್ರರಿಯ ಗ್ರಂಥವನ್ನೂ ಕನ್ನಡದಲ್ಲಿಯೇ ಕೇಳಬಹುದಾಯಿತು. ಕೆಲಸ ಮಾಡಿದವರಲ್ಲಿ ಅನೇಕರು ಗಣಕೋದ್ಯೋಗಿಗಳು, ವಿದ್ಯಾರ್ಥಿಗಳು. ಸಂಬಳವಿಲ್ಲ, ಪದವಿಯೂ ಇಲ್ಲ. ಕನ್ನಡ ವಿಭಾಗಗಳಿಗೆ ಇದು ಸಂತೋಷದ ಸಂಗತಿಯೂ ಹೌದು, ಸ್ವಲ್ಪ ಲಜ್ಜೆಯ ಸಂಗತಿಯೂ ಹೌದು. ಮೂಲ ತಾಣದ ಗತಿಯನ್ನೂ ಇಲ್ಲಿಯೇ ಹೇಳಬೇಕು. 2017ರ ಸುಮಾರಿಗೆ ಡಿಜಿಟಲ್ ಲೈಬ್ರರಿಯ ಬಾಗಿಲು ಮುಚ್ಚಿತು. ಅದರ ನಾಲ್ಕು ಲಕ್ಷಕ್ಕೂ ಮೀರಿದ ಗ್ರಂಥಗಳ ಪ್ರತಿಗಳನ್ನು ಅಷ್ಟರೊಳಗೆ ಹೊರಗಿನವರು ‘ಇಂಟರ್ನೆಟ್ ಆರ್ಕೈವ್’ಗೆ ಸಾಗಿಸಿದ್ದುದರಿಂದ ಇಂದಿಗೂ ಅವು ದೊರೆಯುತ್ತಿವೆ. ಹಳೆಯ ಅವ್ಯವಸ್ಥಿತ ಹೆಸರುಗಳೂ ಅವುಗಳ ಜೊತೆಯಲ್ಲಿಯೇ ಪ್ರಯಾಣ ಮಾಡಿವೆ!

ಹೆಸರು ಸಿಕ್ಕಿ ಪುಸ್ತಕ ತೆರೆದ ಮೇಲೆ ಎರಡನೆಯ ತೊಡಕು. ತೆರೆದದ್ದು ಪುಟದ ಚಿತ್ರವೇ ಹೊರತು ಪಠ್ಯವಲ್ಲ. ಅದರೊಳಗೆ ಒಂದು ಪದವನ್ನು ಹುಡುಕಲಾಗದು, ಒಂದು ವಾಕ್ಯವನ್ನು ಎತ್ತಿಕೊಳ್ಳಲಾಗದು. ಕಣ್ಣಿಲ್ಲದ ವಿದ್ಯಾರ್ಥಿಗೆ ಯಂತ್ರವು ಅದನ್ನು ಓದಿ ಹೇಳಲಾರದು. ಕೆಲವೆಡೆ ಪುಟವೇ ಇಲ್ಲ, ಕೆಲವೆಡೆ ಓರೆ. ಚಿತ್ರದ ಕಡತವು ಭಾರವೂ ಹೌದು. ಅದೇ ಪುಸ್ತಕ ಅಕ್ಷರರೂಪದಲ್ಲಿದ್ದರೆ ಹತ್ತಾರು ಪಟ್ಟು ಹಗುರ. ಈ ಭಾರ ಯಾರ ಮೇಲೆ ಬೀಳುತ್ತದೆಂಬುದಕ್ಕೆ ನಮ್ಮ ನಗರದಲ್ಲಿಯೇ ಸಾಕ್ಷ್ಯವುಂಟು. 2020ರಲ್ಲಿ ಕೋವಿಡ್ ನಿಮಿತ್ತ ತರಗತಿಗಳು ನಿಂತಾಗ ಹೈದರಾಬಾದ್ ವಿಶ್ವವಿದ್ಯಾನಿಲಯದವರು ವಿಚಾರಣೆ ನಡೆಸಿದರು. ಉತ್ತರಿಸಿದ ಸುಮಾರು 2,500 ವಿದ್ಯಾರ್ಥಿಗಳಲ್ಲಿ ಶೇಕಡಾ 90ರಷ್ಟು ಮಂದಿಯ ಕೈಯಲ್ಲಿ ಮೊಬೈಲು ಇತ್ತು. ಅಂತರ್ಜಾಲದ ಮೂಲಕ ಪಾಠ ಕೇಳಬಲ್ಲೆವೆಂದವರು ಶೇಕಡಾ 37 ಮಾತ್ರ. ಹಳ್ಳಿಯ ಮನೆಯ ಜಗಲಿಯಲ್ಲಿ ಕುಳಿತು ಮುನ್ನೂರು ಪುಟಗಳ ಚಿತ್ರಗಳನ್ನು ಇಳಿಸಿಕೊಳ್ಳಲು ಹೆಣಗುವವನಿಗೆ, ಗ್ರಂಥ ಉಚಿತವಾಗಿದೆ ಎಂಬ ಮಾತು ಅರ್ಧಸತ್ಯ.

ಚಿತ್ರವನ್ನು ಪಠ್ಯವಾಗಿ ಪರಿವರ್ತಿಸುವ ಒಸಿಆರ್ ಎಂಬ ಉಪಕರಣ ಇಲ್ಲದಿಲ್ಲ. ‘ಅಕ್ಷರಜಾಣ’ವೆಂದು ಅದಕ್ಕೆ ಯಾರೋ ಚೆಲುವಾದ ಹೆಸರಿಟ್ಟಿದ್ದಾರೆ. ಹೊಸ ಮುದ್ರಣದಲ್ಲಿ ಅದು ಜಾಣವೇ ಹೌದು. ಸವೆದ ಮೊಳೆಗಳಿಂದ ಅಚ್ಚಾದ ಹಳೆಯ ಪುಸ್ತಕಗಳಲ್ಲಿ ಒತ್ತಕ್ಷರಗಳು ಅದನ್ನು ದಾರಿತಪ್ಪಿಸುತ್ತವೆ. ಮಹಾಪ್ರಾಣದ ಸಣ್ಣ ಸೀಳು ಮಸಿಯಲ್ಲಿ ಮುಚ್ಚಿಹೋದರೆ ಧನವು ದನವಾಗುತ್ತದೆ. ಹಳಗನ್ನಡದ ಱಕಾರ ೞಕಾರಗಳ ಗತಿ ಹೇಳುವುದೇ ಬೇಡ. ಆದಕಾರಣ ಯಂತ್ರ ಓದಿದ್ದನ್ನು ಕನ್ನಡ ಬಲ್ಲವರೊಬ್ಬರು ಮೂಲದೊಡನೆ ತಾಳೆ ನೋಡಲೇಬೇಕು. ಇದನ್ನು ಯಂತ್ರದ ಸೋಲೆಂದು ಎಣಿಸುವವರುಂಟು. ನಮ್ಮ ಅಭಿಪ್ರಾಯದಲ್ಲಿ ಬೋಧನೆಗೆ ಅವಕಾಶವಿರುವುದು ಇಲ್ಲಿಯೇ.

ಕಳೆದ ಶತಮಾನದ ಕೊನೆಯ ದಶಕದಲ್ಲಿ ಕಾನ್ಪುರದ ಐಐಟಿ ಮತ್ತು ಹೈದರಾಬಾದ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ನಿರ್ಮಿಸಿದ ‘ಅನುಸಾರಕ’ವನ್ನು ಇಲ್ಲಿ ನೆನೆಯಬಹುದು. ಒಂದು ಭಾರತೀಯ ಭಾಷೆಯ ಬರಹವನ್ನು ಇನ್ನೊಂದರ ಮೂಲಕ ಓದಿಸುವ ಈ ಯಂತ್ರದಲ್ಲಿ ಕನ್ನಡದಿಂದ ಹಿಂದಿಗೆ ಹೋಗುವ ದಾರಿಯೂ ಇತ್ತು. ಅದರ ಹಿಂದಿ ಸೊಗಸಾದುದಲ್ಲ. ಮೂಲದ ಜಾಡನ್ನು ಬಿಡದೆ, ತನಗೆ ನಿರ್ಣಯಿಸಲಾಗದುದನ್ನು ಮುಚ್ಚಿಡದೆ ಓದುಗನ ವಿವೇಚನೆಗೆ ಒಪ್ಪಿಸುತ್ತಿತ್ತು. ಓದುಗನೂ ಅದರ ರೀತಿಯನ್ನು ಸ್ವಲ್ಪ ಅಭ್ಯಾಸ ಮಾಡಬೇಕಾಗಿತ್ತು. ಇಂದಿನ ಭಾಷಾಂತರ ಯಂತ್ರಗಳು ತಪ್ಪನ್ನೂ ಸರಾಗವಾಗಿ ನುಡಿಯುತ್ತವೆ. ತರಗತಿಯ ದೃಷ್ಟಿಯಿಂದ ಹಳೆಯ ಒರಟು ಯಂತ್ರವೇ ಮೇಲೆಂದು ಹೇಳದೆ ವಿಧಿಯಿಲ್ಲ.

ಸಫಲವಾದ ಉಪಕರಣಕ್ಕೂ ಉದಾಹರಣೆಯಿದೆ. 20,000ಕ್ಕೂ ಮೀರಿದ ವಚನಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಅಳವಡಿಸಿರುವ ‘ವಚನ ಸಂಚಯ’ದಲ್ಲಿ ಕಾಯಕವೆಂಬ ಪದವನ್ನು ಕೊಟ್ಟರೆ ಬಸವಣ್ಣನವರಲ್ಲಿ ಅದು ಎಲ್ಲೆಲ್ಲಿ ಬಂದಿದೆ, ಆಯ್ದಕ್ಕಿ ಲಕ್ಕಮ್ಮನಲ್ಲಿ ಹೇಗೆ ಬಂದಿದೆ ಎಂಬುದು ಕ್ಷಣಾರ್ಧದಲ್ಲಿ ತಿಳಿಯುತ್ತದೆ. ಹಿಂದೆ ಒಬ್ಬ ಸಂಶೋಧಕನ ಎರಡು ಮೂರು ವರ್ಷಗಳನ್ನು ನುಂಗುತ್ತಿದ್ದ ಪದಪ್ರಯೋಗಕೋಶದ ಕೆಲಸವಿದು. ಆದರೆ ಎಣಿಕೆ ಮುಗಿದಲ್ಲಿ ವಿಮರ್ಶೆ ಮುಗಿಯಿತೆಂದು ವಿದ್ಯಾರ್ಥಿ ಭಾವಿಸುವ ಅಪಾಯವೂ ಇದೆ. ಪಾಠಾಂತರಗಳೇನು, ಅಂಕಿತ ಸಂದಿಗ್ಧವಾಗಿರುವ ವಚನವನ್ನು ಯಾರ ಲೆಕ್ಕಕ್ಕೆ ಸೇರಿಸಬೇಕು, ಪ್ರಕ್ಷಿಪ್ತವಾವುದು ಎಂಬುವನ್ನು ಯಂತ್ರವನ್ನು ಕೇಳಿ ಪ್ರಯೋಜನವಿಲ್ಲ. ಅದಕ್ಕೆ ಸಂಪಾದಿತ ಸಂಪುಟಗಳನ್ನೂ ಅಧ್ಯಾಪಕರನ್ನೂ ಆಶ್ರಯಿಸಬೇಕು.

ಕೃತಿಸ್ವಾಮ್ಯದ ಎಲ್ಲೆಯನ್ನು ಮರೆಯುವಂತಿಲ್ಲ. ಗ್ರಂಥಕರ್ತನ ಮರಣಾನಂತರ 60 ವರ್ಷಗಳವರೆಗೆ ಹಕ್ಕು ಉಳಿಯುವುದರಿಂದ, 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಕೃತಿಗಳು 2007ರಿಂದ ಸಾರ್ವಜನಿಕ ಸ್ವತ್ತು; 1986ರವರೆಗೆ ಬಾಳಿದ ಮಾಸ್ತಿಯವರವು 2047ರವರೆಗೆ ಹಾಗಾಗಲಾರವು.

ಕನ್ನಡ ವಿಕಿಸೋರ್ಸ್ ಎಂಬ ತಾಣದಲ್ಲಿ ಪುಟದ ಚಿತ್ರ ಒಂದು ಮಗ್ಗುಲಿಗೆ, ಅಕ್ಷರಪಾಠ ಇನ್ನೊಂದು ಮಗ್ಗುಲಿಗೆ ಇರುತ್ತದೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪಿದ ಮೇಲೆಯೇ ಪುಟವು ಪೂರ್ಣವೆನಿಸುತ್ತದೆ. ಸ್ನಾತಕೋತ್ತರ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಹಕ್ಕು ಮುಗಿದ ಗ್ರಂಥವೊಂದರ ಐವತ್ತು ಪುಟಗಳನ್ನು ಈ ಕ್ರಮದಲ್ಲಿ ತಿದ್ದಲು ಕೊಟ್ಟರೆ, ಗ್ರಂಥಸಂಪಾದನ ಶಾಸ್ತ್ರವನ್ನು ಅವನು ಟಿಪ್ಪಣಿಗಳಿಂದಲ್ಲ, ಕೈಯಿಂದ ಕಲಿಯುತ್ತಾನೆ. ಮುಂದಿನ ತಂಡಕ್ಕೆ ಓದಬಲ್ಲ ಪುಸ್ತಕವೂ ದೊರೆಯುತ್ತದೆ. ತಿದ್ದುವ ಕೆಲಸವನ್ನು ಮೈಸೂರಿನಲ್ಲಿ ಮಾಡಬಹುದು, ಮುಂಬಯಿಯಲ್ಲಿ ಮಾಡಬಹುದು. ಬಿಟ್ಟುಹೋದ ಪುಟ ಯಾವುದು, ಮಸಿಯ ಕೆಳಗಿರುವ ಅಕ್ಷರ ಯಾವುದು ಎಂಬ ಸಂದೇಹ ಬಂದಾಗ ಮಾತ್ರ ಮೂಲಪ್ರತಿಯನ್ನು ಕಪಾಟಿನಿಂದ ತೆಗೆಯಿಸಿ ನೋಡಬೇಕು. ಆ ಕಪಾಟು ಉಸ್ಮಾನಿಯಾದಲ್ಲಿದೆ. ಈ ನಗರದಲ್ಲಿ ನೆಲೆಸಿರುವ ಕನ್ನಡ ಅಧ್ಯಾಪಕರು, ನಿವೃತ್ತರು, ಸಂಘಗಳ ಕಾರ್ಯಕರ್ತರು ಕೂಡಿ ಮೊದಲ ವರ್ಷಕ್ಕೆ ಹತ್ತು ಗ್ರಂಥಗಳನ್ನು ಆರಿಸಿಕೊಂಡರೂ ಸಾಕು. ವಿಶ್ವವಿದ್ಯಾನಿಲಯದ ಅನುಮತಿಯನ್ನು ಕೋರಿ ಬರೆಯಬೇಕಾದ ಮನವಿಯೊಡನೆ ಆ ಹತ್ತರ ಪಟ್ಟಿಯೂ ಹೋಗಬೇಕು, ಕನ್ನಡ ಲಿಪಿಯಲ್ಲಿ.